ರಿವರ್ಸ್ ಲೈಟ್‌ಗೆ ಎಲ್‌ಇಡಿ ಹಾಕಿದ ಮೇಲೆ ಬರುವ ತಕರಾರುಗಳು: ತಪ್ಪು ಬಲ್ಬಿನದೋ ಕಾರಿನದೋ?

ಹಳೆ ಬಲ್ಬನ್ನು ಎಸೆಯಬೇಡಿ. ಎಲ್‌ಇಡಿ ಹಾಕಿದ ಮೇಲೆ ಏನೇ ತಕರಾರು ಬರಲಿ, ಲೈಟ್ ಉರಿಯದೇ ಇರಲಿ, ಮಿಣುಕಲಿ, ಡ್ಯಾಶ್‌ಬೋರ್ಡ್‌ನಲ್ಲಿ ವಾರ್ನಿಂಗ್ ಬರಲಿ, ಕ್ಯಾಮೆರಾದಲ್ಲಿ ಗೆರೆ ಓಡಲಿ, ತಪ್ಪು ಯಾರದು ಅಂತ ಹೇಳಿಬಿಡುವುದು ಆ ಹಳೆ ಬಲ್ಬೇ. ಅಷ್ಟು ಒಳ್ಳೆ ಟೆಸ್ಟರ್ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಕಾರಣ ಸರಳ. ಹಳೆ ಬಲ್ಬ್, ಅಂದರೆ ಒಳಗಿನ ತಂತಿ ಕಾದು ಬೆಳಗುವ ತಂತಿ ಬಲ್ಬ್, ಜಾಸ್ತಿ ಕರೆಂಟ್ ಎಳೆಯುತ್ತದೆ, ಎಲ್‌ಇಡಿ ತುಂಬಾ ಕಡಿಮೆ. 12 ವೋಲ್ಟಿಗೆ 21 ವ್ಯಾಟಿನ ಬಲ್ಬ್ ಸುಮಾರು 1.75 ಆಂಪಿಯರ್ ಎಳೆದರೆ, ಅದೇ ಜಾಗಕ್ಕೆ ಬರುವ ಎಲ್‌ಇಡಿ ಸಾಮಾನ್ಯವಾಗಿ ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. ಹಾಗಾಗಿ ಇವೆರಡೂ ಬೇರೆ ಬೇರೆ ರೋಗ ತೋರಿಸುತ್ತವೆ. ಅರ್ಥಿಂಗ್‌ಗೆ, ಅಂದರೆ ಮೈನಸ್ ವೈರ್ ಕಾರಿನ ಬಾಡಿಗೆ ಸೇರುವ ಜಾಗಕ್ಕೆ, ಕಿಲುಬು ಹಿಡಿದಿದ್ದರೆ ತಂತಿ ಬಲ್ಬ್ ಮಂಕಾಗುತ್ತದೆ, ಎಲ್‌ಇಡಿ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಉರಿಯುತ್ತಿರುತ್ತದೆ. ಲೈನಿನಲ್ಲಿ ಎಲ್ಲೋ ಚೂರು ಕರೆಂಟ್ ಸೋರುತ್ತಿದ್ದರೆ ತಂತಿ ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಎಲ್‌ಇಡಿ ಮಿಣಮಿಣ ಅನ್ನುತ್ತದೆ. ಎರಡನ್ನೂ ಅದಲು ಬದಲು ಮಾಡಿ ನೋಡಿದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯಿತು.

ಕೆಲಸಕ್ಕೆ ಕೂರುವ ಮುಂಚೆ ಒಂದು ಎಚ್ಚರಿಕೆ. ಈ ಲೈಟ್ ಉರಿಯಬೇಕಾದರೆ ಗಾಡಿ ರಿವರ್ಸ್ ಗೇರಿನಲ್ಲಿರಬೇಕು, ನೀವು ಗಾಡಿಯ ಹಿಂದೆ ನಿಂತಿರುತ್ತೀರಿ. ಆದ್ದರಿಂದ ಎಂಜಿನ್ ಆಫ್ ಇರಲಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಆಟೋಮ್ಯಾಟಿಕ್ ಗಾಡಿಯಾದರೆ ಇನ್ನೊಬ್ಬರು ಬ್ರೇಕ್ ತುಳಿದುಕೊಂಡು ಕೂತಿರಲಿ. ಎಂಜಿನ್ ಓಡಿಸಿಯೇ ನೋಡಬೇಕಾದ ತಕರಾರಾದರೆ ಹಿಂದೆ ನಿಲ್ಲಲೇಬೇಡಿ. ಫೋನನ್ನು ಒಂದು ಕಡೆ ಒರಗಿಸಿಟ್ಟು ವಿಡಿಯೋ ಮಾಡಿ, ಆಮೇಲೆ ನೋಡಿದರಾಯಿತು.

ಉರಿಯುವುದೇ ಇಲ್ಲ

ಒಂದೇ ಕಡೆ ಉರಿಯುತ್ತಿಲ್ಲವಾ? ನಿಮ್ಮ ಕಾರಿಗೆ ನಿಜವಾಗಿ ಎರಡು ರಿವರ್ಸ್ ಲೈಟ್ ಇದೆಯಾ ಅಂತ ಮೊದಲು ನೋಡಿ. ನಗಬೇಡಿ. ಎಷ್ಟೋ ಕಾರುಗಳಲ್ಲಿ ಒಂದು ಕಡೆ ರಿವರ್ಸ್ ಲೈಟ್, ಇನ್ನೊಂದು ಕಡೆ ಅದೇ ಜಾಗದಲ್ಲಿ ಹಿಂದಿನ ಫಾಗ್ ಲೈಟ್ ಇರುತ್ತದೆ. ಜೋಡಿ ಬಲ್ಬ್ ತಂದು, ಒಂದು ಕೆಟ್ಟಿದೆ ಅಂತ ವಾಪಸ್ ಕಳಿಸುವವರು ಇದ್ದಾರೆ.

ಎರಡೂ ಇದ್ದರೆ, ಬಲ್ಬ್ ಯಾವ ಜಾತಿಯದು ಅನ್ನುವುದರ ಮೇಲೆ ಮುಂದಿನ ಹೆಜ್ಜೆ. ರಿವರ್ಸ್ ಲೈಟಿನಲ್ಲಿ ಹೆಚ್ಚಾಗಿ ಸಿಗುವುದು ಮೂರು. ಗಾಜಿನ ಬುಡವನ್ನೇ ಹೋಲ್ಡರಿಗೆ ಒತ್ತಿ ಕೂರಿಸುವ ಡಬ್ಲ್ಯೂ16ಡಬ್ಲ್ಯೂ, ಅದೇ ರೀತಿಯ ಆದರೆ ಬುಡ ಅಗಲವಿರುವ ಡಬ್ಲ್ಯೂ21ಡಬ್ಲ್ಯೂ, ಮತ್ತು ಒತ್ತಿ ತಿರುಗಿಸಿ ಕೂರಿಸುವ ಲೋಹದ ಬುಡದ ಪಿ21ಡಬ್ಲ್ಯೂ. ಅಂಗಡಿಯಲ್ಲಿ ಇವಕ್ಕೇ ಟಿ15, ಟಿ20, 1156 ಅಂತಲೂ ಹೇಳುತ್ತಾರೆ.

ಮೊದಲ ಎರಡು ಜಾತಿಯಲ್ಲಿ ಎಲ್‌ಇಡಿ ಉರಿಯದಿದ್ದರೆ ಸುಮ್ನೆ ಕಿತ್ತು, ಅರ್ಧ ಸುತ್ತು ತಿರುಗಿಸಿ ವಾಪಸ್ ಹಾಕಿ. ತಂತಿ ಬಲ್ಬಿಗೆ ಪ್ಲಸ್ ಮೈನಸ್ ಯಾವ ಕಡೆ ಇದ್ದರೂ ನಡೆಯುತ್ತದೆ, ಎಲ್‌ಇಡಿಗೆ ನಡೆಯುವುದಿಲ್ಲ. ಹೇಗೆ ಹಾಕಿದರೂ ಉರಿಯುವ ಎಲ್‌ಇಡಿಗಳೂ ಇವೆ, ಆದರೆ ಎಲ್ಲವೂ ಹಾಗಲ್ಲ. ಲೋಹದ ಬುಡದ ಬಲ್ಬಿಗೆ ಈ ಪ್ರಶ್ನೆಯೇ ಇಲ್ಲ. ಅದರ ಮೈ ಮೈನಸ್, ನಡುವಿನ ಚುಕ್ಕಿ ಪ್ಲಸ್, ಉಲ್ಟಾ ಹಾಕಲು ಬರುವುದೇ ಇಲ್ಲ. ಅದು ಹೋಲ್ಡರಿನೊಳಗೆ ತಿರುಗದಿದ್ದರೆ ಬಲ ಹಾಕಬೇಡಿ, ಬುಡದ ಪಕ್ಕದ ಎರಡು ಮೊಳೆಗಳನ್ನು ನೋಡಿ. ಪಿ21ಡಬ್ಲ್ಯೂಗೆ ಅವು ನೇರ ಎದುರುಬದುರು, ಒಂದೇ ಎತ್ತರದಲ್ಲಿರುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ಅದು ಇಂಡಿಕೇಟರಿನ ಕೇಸರಿ ಬಲ್ಬಿನ ಬುಡ. ಒಂದು ಮೇಲೆ ಒಂದು ಕೆಳಗೆ ಇದ್ದು, ಬುಡದಲ್ಲಿ ಎರಡು ಚುಕ್ಕಿ ಇದ್ದರೆ ಬ್ರೇಕ್ ಲೈಟಿನದು. ಅಂಗಡಿಯವರು ತಪ್ಪು ಬಲ್ಬ್ ಕೊಟ್ಟಿದ್ದಾರೆ ಅಷ್ಟೇ.

ಇನ್ನೊಂದು ಮೋಸ ಇದೆ. ನಂಬರ್ ಪ್ಲೇಟ್ ಲೈಟಿಗೆ ಹಾಕುವ 5 ವ್ಯಾಟಿನ ಸಣ್ಣ ಬಲ್ಬಿನ ಬುಡಕ್ಕೂ ಡಬ್ಲ್ಯೂ16ಡಬ್ಲ್ಯೂ ಬುಡಕ್ಕೂ ಅಳತೆ ಒಂದೇ. ಹಾಗಾಗಿ ಆ ಚಿಕ್ಕ ಎಲ್‌ಇಡಿ ರಿವರ್ಸ್ ಹೋಲ್ಡರಿನಲ್ಲೂ ಸಲೀಸಾಗಿ ಕೂರುತ್ತದೆ, ಉರಿಯುತ್ತದೆ. ಬೆಳಕು ಮಾತ್ರ ಹೆಸರಿಗಷ್ಟೇ.

ತಿರುಗಿಸಿದರೂ ಉರಿಯಲಿಲ್ಲವಾ? ಈಗ ಹಳೆ ಬಲ್ಬ್ ಹಾಕಿ. ಅದು ಚೆನ್ನಾಗಿ ಉರಿದರೆ ಕಾರಿನ ವೈರಿಂಗ್ ಸರಿ ಇದೆ. ಆಗ ಹೋಲ್ಡರಿನೊಳಗಿನ ತಾಮ್ರದ ಪಟ್ಟಿಗಳನ್ನು ಟಾರ್ಚ್ ಹಾಕಿ ನೋಡಿ. ಎಷ್ಟೋ ಎಲ್‌ಇಡಿಗಳ ಬುಡ ಗಾಜಿನ ಬುಡಕ್ಕಿಂತ ತೆಳು. ವರ್ಷಗಟ್ಟಲೆ ದಪ್ಪ ಬುಡ ಹಿಡಿದು ಅಗಲವಾದ ಪಟ್ಟಿಗಳು ಇದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಫ್ಯೂಸ್ ಕಿತ್ತು, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಪಟ್ಟಿಗಳನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿ. ಜಾಸ್ತಿ ಒತ್ತಿದರೆ ಎರಡೂ ಪಟ್ಟಿ ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ.

ಹಳೆ ಬಲ್ಬೂ ಉರಿಯದಿದ್ದರೆ, ಅಥವಾ ಮಂಕಾಗಿ ಉರಿದರೆ, ಎಲ್‌ಇಡಿಯನ್ನು ಪಕ್ಕಕ್ಕಿಡಿ. ತಪ್ಪು ಅದರದ್ದಲ್ಲ.

ಅರ್ಥಿಂಗ್ ನೋಡುವ ಬಗೆ

ಇಲ್ಲಿ ಸುಮಾರು ಜನ ಎಡವುವುದು ಮೀಟರಿನ ಜೊತೆ. ಬಲ್ಬ್ ಕಿತ್ತು, ಖಾಲಿ ಹೋಲ್ಡರಿಗೆ ಮಲ್ಟಿಮೀಟರ್ ಕಡ್ಡಿ ಇಡುತ್ತಾರೆ. 12 ವೋಲ್ಟ್ ತೋರಿಸುತ್ತದೆ. "ಕರೆಂಟ್ ಬರ್ತಾ ಇದೆ, ವೈರಿಂಗ್ ಸರಿ ಇದೆ" ಅಂದುಕೊಳ್ಳುತ್ತಾರೆ. ಆದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ಎಳೆ ಉಳಿದಿರುವ ಹಗ್ಗ ಸುಮ್ಮನೆ ತೂಗುತ್ತಿರುವಾಗ ಗಟ್ಟಿಯಾಗೇ ಕಾಣುತ್ತದೆ, ಕೊಡ ಕಟ್ಟಿ ಎಳೆದಾಗ ತಾನೇ ಬಣ್ಣ ಬಯಲಾಗುವುದು? ಹಾಗೆಯೇ ವೈರಿಗೂ ಭಾರ ಹಾಕಿ ಅಳೆಯಬೇಕು. ಆ ಭಾರ ಹಳೆ ಬಲ್ಬ್.

ಬಲ್ಬ್ ಹೋಲ್ಡರಿನಲ್ಲೇ ಇರಲಿ, ರಿವರ್ಸ್ ಗೇರ್ ಬಿದ್ದಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿಯನ್ನು ಡಿಕ್ಕಿಯೊಳಗೆ ಬಣ್ಣವಿಲ್ಲದ ಬರಿ ಲೋಹಕ್ಕೆ ಒತ್ತಿ, ಉದಾಹರಣೆಗೆ ಡಿಕ್ಕಿ ಬಾಗಿಲಿನ ಕೊಂಡಿಯ ಬೋಲ್ಟ್. ಕೆಂಪು ಕಡ್ಡಿಯನ್ನು ಹೋಲ್ಡರಿನ ಮೈನಸ್ ಕಡೆಯ ವೈರಿಗೆ, ಕನೆಕ್ಟರಿನ ಹಿಂದಿನಿಂದ ತೂರಿಸಿ ತಾಗಿಸಿ. ಸೊನ್ನೆಯ ಹತ್ತಿರ ಇರಬೇಕು. 0.1 ವೋಲ್ಟ್ ಬಂದರೆ ಪರವಾಗಿಲ್ಲ, 0.2 ದಾಟಿದರೆ ಅನುಮಾನ ಪಡಿ. 1 ವೋಲ್ಟೋ 2 ವೋಲ್ಟೋ ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ, ಬೇರೆ ಮಾತೇ ಇಲ್ಲ. ಆ ವೈರ್ ಹಿಡಿದುಕೊಂಡು ಹೋದರೆ ಡಿಕ್ಕಿಯ ಒಳಹೊದಿಕೆಯ ಹಿಂದೆ ಉಂಗುರದ ಹಾಗಿರುವ ಟರ್ಮಿನಲ್ ಒಂದು ಬೋಲ್ಟಿಗೆ ಸಿಕ್ಕಿಸಿರುವುದು ಸಿಗುತ್ತದೆ. ಬಿಚ್ಚಿದರೆ ಉಂಗುರದ ಅಡಿಯಲ್ಲಿ ಹಸಿರು ಕಿಲುಬು, ಬೋಲ್ಟಿನ ಸುತ್ತ ತುಕ್ಕು. ಉಪ್ಪು ಕಾಗದದಿಂದ ಎರಡೂ ಕಡೆ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಚೂರು ಗ್ರೀಸ್ ಸವರಿ.

ಮೈನಸ್ ಕಡೆ ಸರಿ ಇದ್ದು ಬಲ್ಬ್ ಮಂಕಾಗಿದ್ದರೆ, ಪ್ಲಸ್ ಕಡೆ ಇದೇ ರೀತಿ ಅಳೆಯಿರಿ. ಬಲ್ಬಿನ ಪ್ಲಸ್‌ನಲ್ಲಿ ಸಿಗುವ ವೋಲ್ಟೇಜಿಗೂ ಬ್ಯಾಟರಿಯ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ತುಂಬಾ ಜಾಸ್ತಿ ವ್ಯತ್ಯಾಸ ಇದ್ದರೆ ನಡುವೆ ಎಲ್ಲೋ ಕನೆಕ್ಟರ್ ಸುಟ್ಟಿರಬಹುದು. ಬಾಗಿಲಲ್ಲೇ ಲೈಟ್ ಇರುವ ಕಾರುಗಳಲ್ಲಿ, ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆಯೊಳಗೆ ನೋಡಿ. ದಿನಾ ತೆಗೆದು ಮುಚ್ಚಿ, ಅದರೊಳಗೆ ವೈರ್ ಮಡಚಿ ಮಡಚಿ ತುಂಡಾಗುವುದು ಮಾಮೂಲು.

ಎರಡೂ ಕಡೆ ಒಟ್ಟಿಗೆ ಸತ್ತಿದ್ದರೆ

ಇದು ಬಲ್ಬಿನ ಕೆಲಸ ಆಗಿರುವ ಸಾಧ್ಯತೆ ಕಡಿಮೆ. ಫ್ಯೂಸ್ ನೋಡಿ. ಹಾರಿದ್ದರೆ, ಎಲ್‌ಇಡಿ ಜಾಸ್ತಿ ಕರೆಂಟ್ ಎಳೆದು ಹಾರಿಸಿದೆ ಅನ್ನಬೇಡಿ, ಅದು ಎಳೆಯುವುದೇ ಕಡಿಮೆ. ಎಲ್ಲೋ ಶಾರ್ಟ್ ಆಗಿದೆ. ಬಗ್ಗಿದ ಪಟ್ಟಿ, ಬುಡದಲ್ಲಿ ಮಡಚಿಕೊಂಡ ಕಾಲು, ತಪ್ಪು ಜಾತಿಯ ಬಲ್ಬ್, ಇಲ್ಲಾ ಒಳಗೇ ಸುಟ್ಟ ಎಲ್‌ಇಡಿ. ದೊಡ್ಡ ಫ್ಯೂಸ್ ಹಾಕುವ ಐಡಿಯಾ ಬಂದರೆ ಅಲ್ಲೇ ಬಿಟ್ಟುಬಿಡಿ.

ಫ್ಯೂಸ್ ಸರಿ ಇದ್ದರೆ ಮುಂದಿನ ಅನುಮಾನ ಗೇರ್‌ಬಾಕ್ಸಿನ ರಿವರ್ಸ್ ಸ್ವಿಚ್. ಹಳೆಯ ಮ್ಯಾನುವಲ್ ಕಾರುಗಳಲ್ಲಿ ಅದಕ್ಕೆ ಎರಡೇ ವೈರ್. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಆ ಎರಡು ವೈರುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದಾಗ ಲೈಟ್ ಉರಿದರೆ ಸ್ವಿಚ್ ಸತ್ತಿದೆ. ಹೊಸ ಕಾರುಗಳಲ್ಲಿ ಸ್ವಿಚ್ಚಿನ ಸುದ್ದಿ ಹೋಗುವುದು ಕಂಪ್ಯೂಟರ್ ಮಾಡ್ಯೂಲಿಗೆ, ಲೈಟ್ ಉರಿಸುವುದು ಮಾಡ್ಯೂಲ್. ಅಲ್ಲಿ ಈ ಪ್ರಯೋಗ ಬೇಡ, ಮಾಡ್ಯೂಲಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಇಂಥ ಕೆಲವು ಮಾಡ್ಯೂಲುಗಳು ಒಮ್ಮೆ ಶಾರ್ಟ್ ಕಂಡರೆ ಆ ಲೈನನ್ನೇ ಮುಚ್ಚಿಬಿಡುತ್ತವೆ. ನೀವು ಶಾರ್ಟ್ ಸರಿ ಮಾಡಿದರೂ ಲೈಟ್ ಬರುವುದಿಲ್ಲ. ಇಗ್ನಿಷನ್ ಆಫ್ ಮಾಡಿ, ಲಾಕ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆಗಲೂ ಬರದಿದ್ದರೆ ಸ್ಕ್ಯಾನರಿನಲ್ಲಿ ಕೋಡ್ ಅಳಿಸಬೇಕು.

ಮಿಣುಕುವುದು, ವಾರ್ನಿಂಗ್ ಬರುವುದು

ಎಲ್‌ಇಡಿ ತಂದವರು ಜಾಸ್ತಿ ಒದ್ದಾಡುವುದು ಇಲ್ಲೇ. ಮಾಡ್ಯೂಲ್ ಇರುವ ಕಾರು ಬಲ್ಬ್ ಜೀವಂತ ಇದೆಯಾ ಅಂತ ಆಗಾಗ ವಿಚಾರಿಸುತ್ತಿರುತ್ತದೆ. ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಅಳೆಯುತ್ತದೆ, ಕೆಲವು ಕಾರುಗಳಲ್ಲಿ ಲೈಟ್ ಆಫ್ ಇದ್ದಾಗಲೂ ಕ್ಷಣಮಾತ್ರದ ಕರೆಂಟ್ ಕಳಿಸಿ ನೋಡುತ್ತದೆ. ತಣ್ಣಗಿರುವ ತಂತಿ ಬಲ್ಬಿನ ರೆಸಿಸ್ಟೆನ್ಸ್ 1 ಓಮ್‌ಗಿಂತಲೂ ಕಡಿಮೆ. ಅಷ್ಟು ಚಿಕ್ಕ ಕರೆಂಟಿಗೆ ಅದರ ತಂತಿ ಬಿಸಿಯೂ ಆಗುವುದಿಲ್ಲ, ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಎಲ್‌ಇಡಿ ಮಾತ್ರ ಅಷ್ಟಕ್ಕೇ ಪಕ್ಕನೆ ಮಿಂಚುತ್ತದೆ. ಇನ್ನು ಲೈಟ್ ಆನ್ ಆದಾಗ, 21 ವ್ಯಾಟ್ ನಿರೀಕ್ಷೆ ಮಾಡಿದ ಜಾಗದಲ್ಲಿ 4 ವ್ಯಾಟ್ ಕಂಡರೆ ಮಾಡ್ಯೂಲ್ "ಬಲ್ಬ್ ಹೋಗಿದೆ" ಅಂತ ತೀರ್ಮಾನಿಸಿ ವಾರ್ನಿಂಗ್ ಹಾಕುತ್ತದೆ, ಕೆಲವೊಮ್ಮೆ ಲೈನನ್ನೇ ಆಫ್ ಮಾಡಿ ಮತ್ತೆ ಪ್ರಯತ್ನಿಸುತ್ತದೆ. ಆಗ ಲೈಟ್ ಪಟಪಟ ಹೊಡೆದುಕೊಳ್ಳುತ್ತದೆ.

ಮಿಣುಕು ಯಾವ ತರಹದ್ದು ಅಂತ ಮೊದಲು ನೋಡಿ. ಒಂದೇ ತಾಳದಲ್ಲಿ ಮಿಣುಕಿದರೆ ಅದು ಮಾಡ್ಯೂಲ್. ತಾಳ ಇಲ್ಲದೆ, ಡಿಕ್ಕಿ ಬಾಗಿಲು ಹಾಕಿದಾಗಲೋ ಲೈಟಿನ ಮೇಲೆ ಬೆರಳಿನಿಂದ ತಟ್ಟಿದಾಗಲೋ ಬಂದು ಹೋದರೆ ಅದು ಲೂಸ್ ಕಾಂಟ್ಯಾಕ್ಟ್, ಹೋಲ್ಡರಿನ ಪಟ್ಟಿಗೆ ವಾಪಸ್ ಹೋಗಿ. ಕಣ್ಣಿಗೆ ಸರಿ ಕಂಡು ಫೋನ್ ವಿಡಿಯೋದಲ್ಲಿ ಮಾತ್ರ ಅಡ್ಡ ಪಟ್ಟಿಗಳು ಕಂಡರೆ ಹೆದರಬೇಡಿ. ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡಿ ಕೊಡುತ್ತಿದ್ದಾರೆ ಅನ್ನುವುದಕ್ಕೆ ಅದು ಗುರುತು. ಲೈಟಿಗೆ ಅದರಿಂದ ತೊಂದರೆ ಇಲ್ಲ, ಆದರೆ ಕ್ಯಾಮೆರಾ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಬ್ರೇಕ್ ತುಳಿದಾಗ ಅಥವಾ ಇಂಡಿಕೇಟರ್ ಹಾಕಿದಾಗ ರಿವರ್ಸ್ ಎಲ್‌ಇಡಿ ಮಬ್ಬಾಗಿ ಉರಿದರೆ ಅದರ ಕಥೆಯೇ ಬೇರೆ. ಅರ್ಥಿಂಗ್ ಕೆಟ್ಟು, ಆ ಲೈಟುಗಳ ಕರೆಂಟ್ ಇದರ ಮೂಲಕ ದಾರಿ ಹುಡುಕುತ್ತಿದೆ. ಮೇಲೆ ಹೇಳಿದ ಬೋಲ್ಟ್ ಬಿಚ್ಚಿ. ಇದಕ್ಕೆ ರೆಸಿಸ್ಟರ್ (ಹಳೆ ಬಲ್ಬಿನಷ್ಟೇ ಕರೆಂಟ್ ಎಳೆದು ಮಾಡ್ಯೂಲನ್ನು ನಂಬಿಸುವ ಬಿಡಿಭಾಗ) ಹಾಕಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಮಾಡ್ಯೂಲಿನ ಮಿಣುಕೇ ಅಂತ ಅನಿಸಿದರೂ ರೆಸಿಸ್ಟರ್ ತರಲು ಓಡಬೇಡಿ. ಹಳೆ ಬಲ್ಬಿಗೆ ಎರಡು ವೈರ್ ಕಟ್ಟಿ, ಎಲ್‌ಇಡಿಯ ಪ್ಲಸ್ ಮೈನಸ್‌ಗೆ ಪಕ್ಕಪಕ್ಕದಲ್ಲೇ ಸೇರಿಸಿ. ಎರಡೂ ಒಟ್ಟಿಗೆ ಉರಿಯಬೇಕು. ಈಗ ಮಿಣುಕು ನಿಂತಿತಾ, ವಾರ್ನಿಂಗ್ ಹೋಯಿತಾ? ಹೋದರೆ ರೆಸಿಸ್ಟರ್ ಕೆಲಸ ಮಾಡುತ್ತದೆ. ಹೋಗದಿದ್ದರೆ ರೆಸಿಸ್ಟರಿಗೆ ದುಡ್ಡು ಹಾಕುವುದು ದಂಡ, ಎಲ್‌ಇಡಿಯೇ ಕೆಟ್ಟದ್ದು ಅಥವಾ ಕಾಂಟ್ಯಾಕ್ಟ್ ಸರಿ ಇಲ್ಲ.

21 ವ್ಯಾಟ್ ಬಲ್ಬಿನ ಜಾಗಕ್ಕೆ ಸಾಮಾನ್ಯವಾಗಿ ಸಿಗುವುದು 6 ಓಮ್, 50 ವ್ಯಾಟಿನ ರೆಸಿಸ್ಟರ್. 12 ವೋಲ್ಟಿನಲ್ಲಿ ಅದು 2 ಆಂಪಿಯರ್ ಎಳೆದು 24 ವ್ಯಾಟ್ ಶಾಖ ಮಾಡುತ್ತದೆ. ಎಂಜಿನ್ ಓಡುವಾಗ 14 ವೋಲ್ಟ್ ಇದ್ದರೆ ಸುಮಾರು 33 ವ್ಯಾಟ್. ಅಂದರೆ ಎಲ್‌ಇಡಿಯಿಂದ ಉಳಿಸಿದ ಕರೆಂಟನ್ನು ಇದು ಪೂರ್ತಿ ಸುಟ್ಟು, ಮೇಲೆ ಬಡ್ಡಿಯನ್ನೂ ಹಾಕುತ್ತದೆ. ಕರೆಂಟ್ ಉಳಿಸಲಿಕ್ಕೇ ಎಲ್‌ಇಡಿ ಹಾಕಿದ್ದು ಅನ್ನುವವರಿಗೆ ಇದು ಬೇಸರದ ಸಂಗತಿ. ಮುಖ್ಯ ವಿಷಯ ಅದಲ್ಲ, ಈ ಶಾಖ. ಕೈ ಇಟ್ಟರೆ ಸುಡುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಅದನ್ನು ಬಾಡಿಯ ಬರಿ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸಬೇಕು. ವೈರಿನ ಕಟ್ಟಿಗೆ ಟೇಪ್ ಸುತ್ತಿ ಕಟ್ಟುವುದು, ಲೈಟಿನ ಪ್ಲಾಸ್ಟಿಕ್ ಡಬ್ಬಿಗೆ ಅಂಟಿಸುವುದು ಬೇಡವೇ ಬೇಡ. ಪೊಟ್ಟಣದ ಮೇಲಿನ 50 ವ್ಯಾಟ್ ಅನ್ನುವ ಲೆಕ್ಕ ಕೂಡ ಲೋಹಕ್ಕೆ ಅಂಟಿ ಕೂತಾಗ ಮಾತ್ರ ನಿಜ. ಜೋಡಿಸುವುದು ಬಲ್ಬಿನ ಎರಡು ವೈರುಗಳ ನಡುವೆ, ಬಲ್ಬಿಗೆ ಪಕ್ಕದಲ್ಲಿ. ಪ್ಲಸ್ ವೈರ್ ಕತ್ತರಿಸಿ ನಡುವೆ ಸೇರಿಸಿದರೆ ತಕರಾರು ಹೋಗುವುದಿಲ್ಲ. ಮಾಡ್ಯೂಲ್ ಎರಡೂ ಕಡೆಯನ್ನು ಬೇರೆ ಬೇರೆ ನೋಡುತ್ತಿದ್ದರೆ ಪ್ರತಿ ಕಡೆಗೂ ಒಂದೊಂದು ಬೇಕು.

"ಕ್ಯಾನ್‌ಬಸ್" ಅಂತ ಬರೆದ ಬಲ್ಬುಗಳಲ್ಲಿ ಹೆಚ್ಚಾಗಿ ಇದೇ ಕೆಲಸ ಬಲ್ಬಿನ ಹೊಟ್ಟೆಯೊಳಗೇ ನಡೆಯುತ್ತದೆ. ಹಾಕಲು ಸುಲಭ, ಆದರೆ ಬಿಸಿ ಎಲ್‌ಇಡಿ ಪಕ್ಕದಲ್ಲೇ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಮೂಲಕ ಬಲ್ಬ್ ತಪಾಸಣೆಯನ್ನೇ ಆಫ್ ಮಾಡಲು ಬರುತ್ತದೆ. ಬಂದರೆ ನನ್ನ ಓಟು ಅದಕ್ಕೇ. ಬಿಸಿಯೂ ಇಲ್ಲ, ವೈರ್ ಕತ್ತರಿಸುವುದೂ ಇಲ್ಲ.

ಕ್ಯಾಮೆರಾದಲ್ಲಿ ಗೆರೆ, ರೇಡಿಯೋದಲ್ಲಿ ಗರಗರ

ಆಮೇಲೆ ಹಾಕಿಸಿದ ರಿವರ್ಸ್ ಕ್ಯಾಮೆರಾಗಳು ಸಾಮಾನ್ಯವಾಗಿ ಕರೆಂಟ್ ತೆಗೆದುಕೊಳ್ಳುವುದು ರಿವರ್ಸ್ ಲೈಟಿನ ವೈರಿನಿಂದಲೇ. ಎಲ್‌ಇಡಿಯೊಳಗೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ವೇಗವಾಗಿ ಆನ್ ಆಫ್ ಆಗುತ್ತದೆ. ಅಗ್ಗದ ಬಲ್ಬಿನಲ್ಲಿ ಆ ಗದ್ದಲವನ್ನು ತಡೆಯುವ ಬಿಡಿಭಾಗವನ್ನೇ ಬಿಟ್ಟಿರುತ್ತಾರೆ. ಗದ್ದಲ ವೈರಿನಲ್ಲಿ ಹರಿದು ಕ್ಯಾಮೆರಾಗೆ ಗೆರೆಯಾಗಿ, ಎಫ್‌ಎಂಗೆ ಗರಗರ ಸದ್ದಾಗಿ ಹೋಗುತ್ತದೆ. ರೇಡಿಯೋ ಪರೀಕ್ಷೆಗೆ ಸಿಗ್ನಲ್ ಕಮ್ಮಿ ಇರುವ ಸ್ಟೇಷನ್ ಹಾಕಿ, ರಿವರ್ಸ್ ಗೇರ್ ಹಾಕಿ ತೆಗೆದು ಕೇಳಿ. ಜೋರಾಗಿ ಬರುವ ಸ್ಟೇಷನ್ನಿನಲ್ಲಿ ಗದ್ದಲ ಕೇಳಿಸುವುದೇ ಇಲ್ಲ.

ಹಳೆ ಬಲ್ಬ್ ಹಾಕಿದಾಗ ಗೆರೆ ಹೋದರೆ ಎಲ್‌ಇಡಿಯೇ ಕಳ್ಳ. ಬಲ್ಬಿನ ಹತ್ತಿರ ವೈರಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ ನೋಡಬಹುದು, ಹೋದರೆ ಹೋಯಿತು. ಬೇರೆ ಬಲ್ಬ್ ಹಾಕುವುದೇ ನೆಟ್ಟಗಿನ ದಾರಿ. ಹಳೆ ಬಲ್ಬ್ ಹಾಕಿದರೂ ಗೆರೆ ಉಳಿದರೆ, ಫೋನಿನಲ್ಲಿ ಕಂಡ ಆ ಅಡ್ಡ ಪಟ್ಟಿ ನೆನಪಿದೆಯಾ? ಮಾಡ್ಯೂಲೇ ಕರೆಂಟನ್ನು ತುಂಡು ತುಂಡಾಗಿ ಕೊಡುತ್ತಿದೆ. ಆಗ ಕ್ಯಾಮೆರಾಗೆ ಕರೆಂಟನ್ನು ಬೇರೆ ಫ್ಯೂಸ್ ಇರುವ ಲೈನಿನಿಂದ ರಿಲೇ (ಚೂರು ಕರೆಂಟಿಗೆ ಎತ್ತಿಕೊಳ್ಳುವ ಸ್ವಿಚ್) ಮೂಲಕ ಕೊಟ್ಟು, ರಿವರ್ಸ್ ವೈರ್ ಆ ರಿಲೇ ಎತ್ತುವುದಕ್ಕೆ ಮಾತ್ರ ಇರಲಿ. ರಿಲೇ ಕಟಕಟ ಅಂದರೆ ಅದರ ಮುಂದೆ ಡಯೋಡ್, ಕೆಪಾಸಿಟರ್ ಇರುವ ಫಿಲ್ಟರ್ ಬೇಕು.

ಬಲ್ಬ್ ಕಣ್ಣು ಕುಕ್ಕುತ್ತದೆ, ನೆಲ ಕಾಣುವುದಿಲ್ಲ

ಇದನ್ನು ಯಾರೂ ದೋಷ ಅನ್ನುವುದಿಲ್ಲ, ಆದರೆ ಎಲ್ಲಕ್ಕಿಂತ ಸಾಮಾನ್ಯ ದೋಷ ಇದೇ. ಲೈಟಿನೊಳಗಿನ ಕನ್ನಡಿಯನ್ನು ತಂತಿ ಇರುವ ಒಂದೇ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಆ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಬೆಳಕೆಲ್ಲ ತುದಿಯಿಂದ ನೇರ ಹೊರಗೆ ಬಂದರೆ, ಕನ್ನಡಿಗೆ ಕೆಲಸವೇ ಇಲ್ಲ. ನೇರ ನೋಡಿದವರ ಕಣ್ಣಿಗೆ ಭರ್ಜರಿ, ನೆಲದ ಮೇಲೆ ಏನೂ ಇಲ್ಲ. ಪೊಟ್ಟಣದ ಮೇಲಿನ ಸಾವಿರಾರು ಲೂಮೆನ್ ನಂಬಬೇಡಿ. ಮೂಲ ಪಿ21ಡಬ್ಲ್ಯೂ ಕೊಡುವುದು 460 ಲೂಮೆನ್, ಡಬ್ಲ್ಯೂ16ಡಬ್ಲ್ಯೂ 310. ಅಷ್ಟನ್ನೇ ಕನ್ನಡಿ ಸರಿಯಾಗಿ ಹರಡುತ್ತದೆ.

ರಾತ್ರಿ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ, ಒಂದು ಕಡೆ ಹಳೆ ಬಲ್ಬ್, ಇನ್ನೊಂದು ಕಡೆ ಎಲ್‌ಇಡಿ ಹಾಕಿ. ಗೋಡೆಯನ್ನಲ್ಲ, ಬಂಪರ್ ಹಿಂದಿನ ನೆಲವನ್ನು, ಎರಡೂ ಪಕ್ಕವನ್ನು ನೋಡಿ. ಎಲ್‌ಇಡಿ ಕಡೆ ನಡುವೆ ಒಂದು ಬಿಳಿ ಚುಕ್ಕೆ, ಸುತ್ತ ಕತ್ತಲೆ ಇದ್ದರೆ ಬಲ್ಬ್ ಬದಲಿಸಿ. ಚಿಪ್ಪುಗಳು ಸುತ್ತಲೂ ಪಕ್ಕಕ್ಕೆ ಮುಖ ಮಾಡಿರುವ, ಒಟ್ಟು ಎತ್ತರ ಹಳೆ ಬಲ್ಬಿನಷ್ಟೇ ಇರುವ ಎಲ್‌ಇಡಿ ತನ್ನಿ. ನೀಲಿ ಛಾಯೆಯದು ಬೇಡ, ಒದ್ದೆ ನೆಲದ ಮೇಲೆ ಅದರಲ್ಲಿ ಏನೂ ಬಿಡಿಸಿ ಕಾಣುವುದಿಲ್ಲ. ರಿವರ್ಸ್ ಲೈಟ್ ಬಿಳಿಯೇ ಇರಬೇಕು ಅನ್ನುವುದು ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲೂ ಇದೆ. ತಂತಿ ಬಲ್ಬಿಗೆಂದು ಮಂಜೂರಾದ ಲೈಟಿಗೆ ಎಲ್‌ಇಡಿ ಹಾಕುವುದನ್ನು ಒಪ್ಪದ ದೇಶಗಳು ಹಲವು, ನಿಮ್ಮಲ್ಲಿ ಹೇಗೆ ಅಂತ ಮೊದಲೇ ನೋಡಿಕೊಳ್ಳಿ.

ಸ್ವಲ್ಪ ಹೊತ್ತಿನ ಮೇಲೆ ಮಂಕಾಗುವುದು

ಹಾಕಿದಾಗ ಚೆನ್ನಾಗಿರುತ್ತದೆ, ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ಇದು ಬಿಸಿ. ಮುಚ್ಚಿದ ಡಬ್ಬಿಯೊಳಗೆ ಗಾಳಿ ಆಡುವುದಿಲ್ಲ, ಒಳ್ಳೆ ಎಲ್‌ಇಡಿ ತನ್ನನ್ನು ಕಾಪಾಡಿಕೊಳ್ಳಲು ಕರೆಂಟ್ ಇಳಿಸಿಕೊಳ್ಳುತ್ತದೆ, ಕೆಟ್ಟದ್ದು ಸುಮ್ನೆ ಸುಟ್ಟುಹೋಗುತ್ತದೆ. ರಿವರ್ಸ್ ಲೈಟ್ ಒಂದು ಸಲಕ್ಕೆ ಅರ್ಧ ನಿಮಿಷ ಉರಿದರೆ ಹೆಚ್ಚು, ಆದ್ದರಿಂದ ಸ್ವಲ್ಪ ಮಂಕಾಗುವುದನ್ನು ದೊಡ್ಡ ದೋಷ ಅನ್ನಲಾರೆ. ಆದರೆ ಗೇರ್ ಹಾಕಿ ಹತ್ತು ನಿಮಿಷ ಬಿಟ್ಟು, ಆಫ್ ಮಾಡಿ, ಬಲ್ಬ್ ತಣ್ಣಗಾದ ಮೇಲೆ ಕಿತ್ತು ನೋಡಿ. ಹೋಲ್ಡರಿನ ಬಾಯಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಆ ಎಲ್‌ಇಡಿ ಮತ್ತೆ ಹಾಕಬೇಡಿ. ಹೋಲ್ಡರ್ ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ, ಬೇರೆ ಎಲ್‌ಇಡಿ ಸಿಗುವ ತನಕ ಹಳೆ ಬಲ್ಬೇ ಇರಲಿ. ಹೋಲ್ಡರ್ ವಾಪಸ್ ಕೂರಿಸುವಾಗ ಅದರ ರಬ್ಬರ್ ವಾಷರ್ ಮಡಚಿಕೊಳ್ಳದ ಹಾಗೆ ನೋಡಿಕೊಳ್ಳಿ. ತಂತಿ ಬಲ್ಬಿನ ಶಾಖಕ್ಕೆ ಒಳಗಿನ ಮಂಜು ಆರಿಹೋಗುತ್ತಿತ್ತು, ಎಲ್‌ಇಡಿ ಇದ್ದರೆ ಒಳಗೆ ಸೇರಿದ ನೀರು ಬೇಗ ಆರುವುದಿಲ್ಲ.